ಒಳಗಿನ ಸಿಲಿಂಡರ್

ಹಾಗೆ ಒಟ್ಟೊಟ್ಟಿಗೆ ಸೌದೆ ತುರುಕಬೇಡಿ, ಉರಿ ಸಾಯುತ್ತೆ. ಸ್ವಲ್ಪಸ್ವಲ್ಪವೇ ಹಾಕಿ. ಇದು ನಮ್ಮಪ್ಪನ ಪಾಠ. ಮೀಟರ್‌ಗೇಜ್ ಇಂಜಿನ್ನಿನಲ್ಲಿ ಫೈರ್‌ಮನ್ ಆಗಿದ್ದವರು. ರಿಟೈರಾದ ಮೇಲೂ ಬಚ್ಚಲೊಲೆಗೆ ಅದೇ ಶಿಸ್ತು. ಒಲೆ ಮುಂದೆ ಕೂತಾಗೆಲ್ಲ ನನಗೆ ಯಾರ್ಕ್ ನೆನಪಾಗುತ್ತೆ.

2009ರ ಜನವರಿ 31. ನಾನಾಗ ಇಂಗ್ಲೆಂಡಿನಲ್ಲಿ ಓದುತ್ತಿದ್ದೆ. ಬೆಳಗ್ಗೆಯೇ ಯಾರ್ಕ್ ಸ್ಟೇಷನ್ನಿನಲ್ಲಿ ಜಾತ್ರೆ. ಪೆಪ್ಪರ್‌ಕಾರ್ನ್ ಎಂಬ ಇಂಜಿನಿಯರ್ ರೂಪಿಸಿದ ಎ1 ಜಾತಿಯ 49 ಇಂಜಿನ್‌ಗಳಿದ್ದವು. 1966ರ ಹೊತ್ತಿಗೆ ಅಷ್ಟೂ ಗುಜರಿಗೆ ಹೋದವು. ಮ್ಯೂಸಿಯಮ್ಮಿಗೆ ಅಂತ ಒಂದನ್ನೂ ಉಳಿಸಲಿಲ್ಲ. 1990ರಲ್ಲಿ ಕೆಲವರು ಟ್ರಸ್ಟ್ ಕಟ್ಟಿ, ಐವತ್ತನೆಯದನ್ನು ನಾವೇ ಮಾಡ್ತೀವಿ ಅಂತ ಹೊರಟರು. ವಾರಕ್ಕೊಂದು ಲೋಟ ಬಿಯರಿನ ದುಡ್ಡು ಕೊಡಿ ಅಂತ ಜನರನ್ನು ಕೇಳಿದರು. ಅದೂ ಇದೂ ಕೂಡಿ ಸುಮಾರು 30 ಲಕ್ಷ ಪೌಂಡು ಖರ್ಚಾಯಿತು. ಡಾರ್ಲಿಂಗ್‌ಟನ್ನಿನ ಷೆಡ್ಡಿನಲ್ಲಿ ಇಂಜಿನ್ ಜೋಡಿಸಿ, ಯಾರ್ಕಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಹಸಿರು ಬಣ್ಣ ಬಳಿದರು. ಹೆಸರು ಟೊರ್ನಾಡೊ. ನಂಬರ್ 60163, ಹಳೆಯ ಸಾಲಿನ ಕೊನೆಯದು 60162. ಆ ನಂಬರ್ ನೋಡಿಯೇ ನನಗೆ ಮೈ ಜುಮ್ಮೆಂದಿದ್ದು. ಅವತ್ತು ಅದು ಮೊದಲ ಸಲ ಮೇನ್ ಲೈನಿನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ನ್ಯೂಕಾಸಲ್‌ಗೆ ಹೊರಟಿತ್ತು.

ನನಗೆ ಟಿಕೆಟ್ ಎಲ್ಲಿಂದ? ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಊರಿಗೆ ಫೋನ್ ಹಚ್ಚಿದೆ.

“ಬಾಯ್ಲರ್ ಯಾರು ಮಾಡಿದ್ದು?” ಅಪ್ಪನ ಮೊದಲ ಪ್ರಶ್ನೆ.

“ಜರ್ಮನಿಯವರು, ಮೈನಿಂಗನ್ ಅಂತ ಊರು. ರಿವೆಟ್ ಇಲ್ಲವಂತೆ ಅಪ್ಪಾ, ಪೂರ್ತಿ ವೆಲ್ಡಿಂಗು.”

“ಹ್ಞೂಂ,” ಅಂದರು. ಆ ಹ್ಞೂಂನಲ್ಲಿ ಒಪ್ಪಿಗೆ ಇರಲಿಲ್ಲ.

ಅಷ್ಟರಲ್ಲಿ ಸೀಟಿ. ಫೋನನ್ನು ಇಂಜಿನ್ ಕಡೆ ಹಿಡಿದೆ. ಆಳೆತ್ತರ ಮೀರಿದ ಚಕ್ರ, 6 ಅಡಿ 8 ಇಂಚು, ನಿಧಾನವಾಗಿ ಹೊರಳಿತು. ಭುಸ್... ಭುಸ್... ಫೋನಿನೊಳಗಿಂದ ಅಪ್ಪ ಕೂಗುತ್ತಿದ್ದರು: “ಚಕ್ರ ಒಂದು ಸುತ್ತು ಬರೋದ್ರೊಳಗೆ ಎಷ್ಟು ಸಲ ಭುಸ್ ಅಂತು, ಎಣಿಸೋ!”

ಮೊದಲ ಸುತ್ತು ತಪ್ಪಿತು. ಎರಡನೆಯದರಲ್ಲಿ ಸಿಕ್ಕಿತು.

“ಆರು.”

“ಸರಿಯಾಗಿ ನೋಡಿದ್ಯಾ? ನಮ್ಮದು ನಾಲ್ಕೇ. ಹೊರಗೆ ಎಷ್ಟು ಸಿಲಿಂಡರ್ ಕಾಣ್ತವೆ?”

“ಈ ಪಕ್ಕ ಒಂದು, ಆ ಪಕ್ಕ ಒಂದು. ಎರಡು.”

ಆ ಕಡೆಯಿಂದ ನಗು ಕೇಳಿಸಿತು. “ಹಂಗಾದ್ರೆ ಇನ್ನೊಂದನ್ನ ಚಕ್ರಗಳ ನಡುವೆ ಬಚ್ಚಿಟ್ಟವ್ರೆ ಕಣೋ. ಬಗ್ಗಿ ನೋಡು!”

ಬಗ್ಗುವಷ್ಟರಲ್ಲಿ ಇಂಜಿನ್ ದಾಟಿ, ನನ್ನೆದುರು ಬರೀ ಬೋಗಿಗಳು ಸಾಗುತ್ತಿದ್ದವು.