ಗಾಜಿನ ಕೆರೆ

ಕೆರೆಯ ಏರಿ ಬುಡದಲ್ಲಿ ಅಗಲವಾಗಿಯೂ ನೆತ್ತಿಯಲ್ಲಿ ಕಿರಿದಾಗಿಯೂ ಇರುವುದೇಕೆಂದು ಅಬಲೂರಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ. ಪಡಸಾಲೆಯ ಗಾಜಿನ ಮೀನುತೊಟ್ಟಿಗೂ ಇದೇ ನಿಯಮ. ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರಗಳ ತೊಟ್ಟಿಯಲ್ಲಿ ಸುಮಾರು 56 ಲೀಟರು ನೀರು ಹಿಡಿಯುತ್ತದೆ.

ಗಾಜು ಬಿರಿದಾಗ ಮೊದಲು ಮೀನುಗಳನ್ನು ಅದೇ ನೀರಿನೊಡನೆ ಬೇರೊಂದು ಪಾತ್ರೆಗೆ ಸಾಗಿಸಬೇಕು. ಹೊಸ ಗಾಜು ಹಳೆಯದರಷ್ಟೇ ದಪ್ಪವಿರಬೇಕು. ಅವಸರದ ಗೃಹಸ್ಥನು ಹಳೆಯ ಸಿಲಿಕೋನ್ ಅಂಟಿನ ಮೇಲೆಯೇ ಹೊಸದನ್ನು ಬಳಿಯುತ್ತಾನೆ. ಆದರೆ ಒಣಗಿದ ಸಿಲಿಕೋನಿಗೆ ಹೊಸದು ಗಟ್ಟಿಯಾಗಿ ಅಂಟದು. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಬೂಷ್ಟುನಾಶಕ ಬೆರೆಸದ ಅಂಟನ್ನು ಹಚ್ಚಿ, ಅದರ ಹುಳಿವಾಸನೆ ಅಡಗುವವರೆಗೆ ಕೆಲವು ದಿನ ಕಾಯಬೇಕು. ಬಳಿಕ ಬರಿಯ ನೀರು ತುಂಬಿಸಿ, ಒಂದು ದಿನ ಪರೀಕ್ಷಿಸಿದ ಮೇಲೆಯೇ ಮೀನುಗಳ ಗೃಹಪ್ರವೇಶ.

ಏರಿಯ ಬಿರುಕು ಮೇಲುಮಣ್ಣಿನ ತೇಪೆಗೆ ನಿಲ್ಲದು. ಗಾಜಿನ ಕೆರೆಯೂ ಅಷ್ಟೇ.