ಮುಯ್ಯಿ, ಬಿಟ್ಟಿ ಮತ್ತು ಕೂಲಿ

ಹಣವೆಂಬುದೇ ಇಲ್ಲದ ಸಮಾಜವೊಂದಿದ್ದರೆ ಅಲ್ಲಿ ಜನರು ದುಡಿಯುವರೇ ಎಂಬ ಪ್ರಶ್ನೆಯನ್ನು ಹಲವರು ಹಲವು ಬಗೆಯಲ್ಲಿ ಕೇಳುತ್ತಾರೆ. ಕೇಳುವವರ ಧ್ವನಿಯಲ್ಲಿಯೇ ಸಾಮಾನ್ಯವಾಗಿ ಉತ್ತರವೂ ಅಡಗಿರುತ್ತದೆ: ಕೂಲಿಯಿಲ್ಲದೆ ಯಾರು ತಾನೇ ಮೈ ಬಗ್ಗಿಸುತ್ತಾರೆ? ಇದನ್ನು ಕೇವಲ ಕಲ್ಪನೆಯ ಪ್ರಶ್ನೆಯೆಂದು ಭಾವಿಸುವುದು ಸರಿಯಲ್ಲವೆಂದು ನನಗೆ ತೋರಿದ್ದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಶಾಸನಗಳನ್ನೂ ಬಸದಿಗಳನ್ನೂ ನೋಡುತ್ತ ತಿರುಗಾಡಿದಾಗ. ಅಲ್ಲಿಯ ಹಿರಿಯರ ನೆನಪಿನಲ್ಲಿ ಹಣವಿಲ್ಲದ ದುಡಿಮೆಯು ಒಂದಲ್ಲ, ಮೂರ್ನಾಲ್ಕು ರೂಪಗಳಲ್ಲಿ ಇನ್ನೂ ಜೀವಂತವಾಗಿದೆ.

ಮೊದಲಿಗೆ ಪುರಾಣದ ಮಾತು. ಬನವಾಸಿಯನ್ನು ಮನಸಾರೆ ಕೊಂಡಾಡಿದ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದ ಕಥಾವಸ್ತುವಿನಲ್ಲಿಯೇ ಈ ಪ್ರಶ್ನೆಗೆ ಸಂಬಂಧಿಸಿದ ಚಿಂತನೆಯಿದೆ. ಜೈನ ಪರಂಪರೆಯು ಹೇಳುವ ಭೋಗಭೂಮಿಯಲ್ಲಿ ಹಣವಿಲ್ಲ. ಆದರೆ ಅಲ್ಲಿ ದುಡಿಮೆಯೂ ಇಲ್ಲ. ಹತ್ತು ಬಗೆಯ ಕಲ್ಪವೃಕ್ಷಗಳು ಬೇಕಾದುದನ್ನೆಲ್ಲ ಕೊಡುತ್ತವೆ. ಕಾಲ ಸರಿದಂತೆ ಆ ವೃಕ್ಷಗಳು ಕ್ಷೀಣಿಸಿ, ಹಸಿದ ಜನರು ನಾಭಿರಾಜನ ಬಳಿಗೆ ಬರುತ್ತಾರೆ. ಆಗ ವೃಷಭನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸುತ್ತಾನೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮನುಷ್ಯನನ್ನು ದುಡಿಮೆಗೆ ಹಚ್ಚಿದ್ದು ಹಣವಲ್ಲ, ಕೊರತೆ. ಹಣದ ವ್ಯವಹಾರಕ್ಕೆ ಎಡೆಯಿರುವ ವಾಣಿಜ್ಯವು ಆರರಲ್ಲಿ ಒಂದೇ ಹೊರತು ಉಳಿದ ಐದರ ಒಡೆಯನಲ್ಲ.

ಇನ್ನು ನೆಲದ ಮಾತು. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಕೆಲವೆಡೆ ಇದನ್ನು ಮುರಿಯಾಳು ಎನ್ನುವರು. ಇಂದು ನಿಮ್ಮ ಮನೆಯ ಕೆಲಸಕ್ಕೆ ನಾವು, ನಾಳೆ ನಮ್ಮ ಮನೆಯ ಕೆಲಸಕ್ಕೆ ನೀವು ಎಂಬುದೇ ಅದರ ಸೂತ್ರ. ಗದ್ದೆಯ ನಾಟಿ, ಕೊಯ್ಲು, ಸೋಗೆಯ ಹೊದಿಕೆ, ಬೆಟ್ಟದಿಂದ ಸೊಪ್ಪು ತರುವುದು ಇವೆಲ್ಲ ಹೀಗೆಯೇ ನಡೆಯುತ್ತಿದ್ದವು. ಅಡಿಕೆ ಸುಲಿಯುವ ಕಾಲದಲ್ಲಂತೂ ರಾತ್ರಿಯ ಊಟ ಮುಗಿಸಿ ನೆರೆಹೊರೆಯವರು ಬಂದು ಮೆಟ್ಟುಗತ್ತಿಯ ಮುಂದೆ ಕುಳಿತರೆ ಕಥೆ, ಹಾಸ್ಯ, ಊರ ಸುದ್ದಿಗಳ ನಡುವೆ ರಾಶಿ ಕರಗುತ್ತಿತ್ತು. ಕೈಗೆ ಬಿಡಿಗಾಸೂ ಸೇರುತ್ತಿರಲಿಲ್ಲ.

ಇದನ್ನು ಔದಾರ್ಯವೆಂದು ಕರೆದರೆ ಅರ್ಧ ಸತ್ಯವಾದೀತು. ಮುಯ್ಯಿ ಎಂಬ ಮಾತಿನಲ್ಲಿಯೇ ಹಿಂದಿರುಗಿಸುವ ಹೊಣೆಯಿದೆ. ಯಾರ ಮನೆಗೆ ಎಷ್ಟು ಆಳು ಹೋಗಿತ್ತು, ಎಷ್ಟು ಮರಳಿತು ಎಂಬ ಲೆಕ್ಕವು ನೆನಪಿನಲ್ಲಿ ಚೊಕ್ಕಟವಾಗಿರುತ್ತಿತ್ತು. ತಪ್ಪಿಸಿಕೊಂಡವನ ಮನೆಯ ಕೆಲಸಕ್ಕೆ ಮುಂದಿನ ವರ್ಷ ಜನ ಬರುತ್ತಿರಲಿಲ್ಲ. ಆ ಅಳುಕೇ ಸಾಕಾಗಿತ್ತು. ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ ದಾನವಿಷಯಕ ಪ್ರಬಂಧದಲ್ಲಿ ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಕಟ್ಟುಗಳನ್ನು ವಿವರಿಸಿದ್ದಾನೆ. ನಮ್ಮ ತೋಟಿಗರು ಅವನನ್ನು ಓದದೆಯೇ ಆ ಮೂರನ್ನೂ ಪಾಲಿಸುತ್ತಿದ್ದರು.

ಹಾಗೆಂದು ಈ ಪ್ರದೇಶವು ಹಣವನ್ನು ಅರಿಯದ ನಾಡಾಗಿರಲಿಲ್ಲ. ಮೆಣಸು, ಅಡಿಕೆ, ಏಲಕ್ಕಿಗಳು ಶತಮಾನಗಳ ಹಿಂದೆಯೇ ಘಟ್ಟವಿಳಿದು ಬಂದರು ಸೇರುತ್ತಿದ್ದವು. ಸರಕಾರದ ಕಂದಾಯವನ್ನು ಹಣದಲ್ಲಿಯೇ ತೆರಬೇಕಿತ್ತು. ಬೆಳೆದವನಿಗೆ ನ್ಯಾಯವಾದ ಬೆಲೆ ದೊರೆಯಲೆಂದು ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಷ್ಟು ಹಿಂದೆಯೇ ಹುಟ್ಟಿತು. ಎಂದರೆ ಹೊರಗಿನ ವ್ಯವಹಾರಕ್ಕೆ ಹಣ, ಊರೊಳಗಿನ ದುಡಿಮೆಗೆ ಮುಯ್ಯಿ ಎಂಬ ವಿಭಾಗವಿತ್ತು. ಎರಡೂ ಒಂದೇ ಅಂಗಳದಲ್ಲಿ ಬಾಳಿದವು.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರವು ಬಲು ಸುಂದರ. ಆದರೆ ಮುಯ್ಯಾಳು ನಡೆಯುತ್ತಿದ್ದುದು ಸಮಾನರ ನಡುವೆ. ಮುಯ್ಯಿ ತೀರಿಸಿಕೊಳ್ಳಲು ತನ್ನದೆಂಬ ತೋಟವೋ ಗದ್ದೆಯೋ ಇರಬೇಕಲ್ಲವೇ? ಭೂಮಿಯಿಲ್ಲದವನ ಮನೆಗೆ ಯಾರು ಯಾವ ಕೆಲಸಕ್ಕೆ ಮರಳಿ ಬರಬೇಕು? ಅವನ ಪಾಲಿಗೆ ಹಣವಿಲ್ಲದ ದುಡಿಮೆಯ ಹೆಸರು ಬೇರೆ: ಬಿಟ್ಟಿ, ಜೀತ. ಸಾಲದ ನೆಪದಲ್ಲಿ ತಂದೆಯ ದುಡಿಮೆ ಮಗನಿಗೆ ಇಳಿದು ಬರುತ್ತಿತ್ತು. ಪ್ರತಿಫಲವಾಗಿ ಭತ್ತ, ಹಳೆಯ ಬಟ್ಟೆ, ಎರಡು ಹೊತ್ತಿನ ಊಟ. ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದ ಇತಿಹಾಸವನ್ನು ನೋಡಿ. ಆಫ್ರಿಕೆಯಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯಲ್ಲಿ ಅನೇಕರು ಇಲ್ಲಿಯೂ ಒಡೆಯರ ಹೊಲಗಳಲ್ಲಿ ಕಟ್ಟಾಳಾಗಿ ದುಡಿದರು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಬಂದುದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಹೋರಾಟಕ್ಕಿಳಿದುದು ಯಾವುದಕ್ಕಾಗಿ? ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರಕ್ಕಾಗಿ. ಹಣವಿಲ್ಲದ ವ್ಯವಹಾರದಲ್ಲಿ ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ರೂಪಾಯಿಗಾದರೋ ಒಡೆಯನ ಮನೆಯಲ್ಲಿಯೂ ಆಳಿನ ಗುಡಿಸಲಿನಲ್ಲಿಯೂ ಒಂದೇ ಬೆಲೆ. ಸಂಜೆ ಕೂಲಿಯನ್ನು ಎಣಿಸಿಕೊಂಡು, ಬೇಡವೆನಿಸಿದರೆ ಮರುದಿನ ಬೇರೆ ಮನೆಯ ಕೆಲಸಕ್ಕೆ ಹೋಗಬಹುದಾದ ಸ್ವಾತಂತ್ರ್ಯವನ್ನು ಭೂಹೀನನಿಗೆ ಕೊಟ್ಟದ್ದು ಹಣವೇ. ಹಣವನ್ನು ಹಳಿಯುವ ನಾವು ಈ ಉಪಕಾರವನ್ನು ಮರೆಯಲಾಗದು.

ಮುಯ್ಯಿಯೂ ಅಲ್ಲದ, ಬಿಟ್ಟಿಯೂ ಅಲ್ಲದ ಮೂರನೆಯ ದುಡಿಮೆಯೊಂದಿದೆ. ಮಳೆಗಾಲದ ರಾತ್ರಿಗಳಲ್ಲಿ ಇಲ್ಲಿಯ ಹಳ್ಳಿಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಅರ್ಥ ಹೇಳುವವನು ತಿಂಗಳುಗಟ್ಟಲೆ ಪುರಾಣಗಳನ್ನು ಓದಿ ಸಿದ್ಧನಾಗುತ್ತಾನೆ; ಊರ ಕೂಟಗಳಲ್ಲಿ ಅವನಿಗೆ ದೊರೆಯುವುದು ಒಂದು ಲೋಟ ಚಹ ಮತ್ತು ಬಲ್ಲವರ ಮೆಚ್ಚುಗೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಾಬುದಾರರು ತಮ್ಮ ತಮ್ಮ ಪಾಲಿನ ಕಾರ್ಯವನ್ನು ಹಕ್ಕೆಂದೇ ಭಾವಿಸುತ್ತಾರೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಲ್ಲಿ ಮರ ಕಡಿಯುವವರಿಗೆ ಕೂಲಿಯಿತ್ತು, ಅಪ್ಪಿಕೊಂಡವರಿಗೆ ಇರಲಿಲ್ಲ. ಅದಕ್ಕೂ ಮುನ್ನ, 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರು ಮನೆ-ಜಮೀನುಗಳನ್ನೇ ಪಣವಾಗಿಟ್ಟರು. ಇವಾವುದಕ್ಕೂ ಸಂಬಳದ ಪಟ್ಟಿಯಿರಲಿಲ್ಲ.

ಇವೆಲ್ಲದರ ಹಿಂದೆ, ಯಾವ ಲೆಕ್ಕದಲ್ಲಿಯೂ ಸೇರದ ಇನ್ನೊಂದು ದುಡಿಮೆಯಿದೆ. ಮುಯ್ಯಾಳಿಗೆ ಬಂದವರಿಗೆ ಅಡುಗೆ ಮಾಡಿದವರು, ತಾಳಮದ್ದಳೆಗೆ ಚಹ ಕಾಯಿಸಿದವರು, ಕೊಟ್ಟಿಗೆಯ ಸಗಣಿ ಬಾಚಿದವರು ಮನೆಯ ಹೆಣ್ಣುಮಕ್ಕಳು. ಹಣವಿಲ್ಲದೆ ಜನ ದುಡಿಯುತ್ತಾರೆಯೇ ಎಂದು ಕೇಳುವವನು ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ತನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಸಾಕು. ಆ ದುಡಿಮೆಯು ಪ್ರೀತಿಯೋ, ಮುಯ್ಯಿಯೋ, ಬಿಟ್ಟಿಯೋ ಎಂಬುದನ್ನು ದುಡಿಯುವವರನ್ನೇ ಕೇಳಬೇಕು.

ಉಳಿದದ್ದು ಕಷ್ಟದ ಕೆಲಸಗಳ ಪ್ರಶ್ನೆ. ಐವತ್ತು ಅಡಿಯ ಅಡಿಕೆ ಮರವನ್ನೇರಿ, ಮರವನ್ನು ಬಾಗಿಸಿ ಮತ್ತೊಂದಕ್ಕೆ ದಾಟುವ ಕೊನೆಗಾರನ ಕೆಲಸವನ್ನು ಸಂತೋಷಕ್ಕಾಗಿ ಯಾರು ಮಾಡುತ್ತಾರೆ? ಮಳೆಯ ನಡುವೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರು ಯಾರು? ಈ ಆಕ್ಷೇಪಣೆ ಬಲವಾದುದೇ. ಆದರೆ ಇಂದಿನ ಸ್ಥಿತಿಯನ್ನೂ ನೋಡಬೇಕು. ಕೇಳಿದಷ್ಟು ಕೂಲಿ ಕೊಡುತ್ತೇವೆಂದರೂ ಕೊನೆಗಾರರು ಸಿಗುತ್ತಿಲ್ಲವೆಂಬುದೇ ಎಲ್ಲ ತೋಟಿಗರ ಗೋಳು. ಕೊನೆಗಾರನ ಮಗ ತಂದೆಯ ಕೆಲಸವನ್ನು ಬಯಸುವುದಿಲ್ಲ. ತೋಟದೊಡೆಯನ ಮಗನೂ ಬೆಂಗಳೂರು ಸೇರಿದ್ದಾನೆ. ಅಪಾಯಕ್ಕೆ ಭದ್ರತೆಯಿಲ್ಲದ, ಕೌಶಲಕ್ಕೆ ಗೌರವವಿಲ್ಲದ ಕಡೆ ಹಣವೂ ಸೋಲುತ್ತದೆ.

ವಿನೋಬಾ ಭಾವೆಯವರು ಭೂದಾನಕ್ಕೆ ಮುನ್ನ ಪವನಾರ ಆಶ್ರಮದಲ್ಲಿ ಕಾಂಚನಮುಕ್ತಿಯ ಪ್ರಯೋಗ ನಡೆಸಿದರು. ತಾವೇ ನೆಲ ಅಗೆದು, ಬಾವಿಯ ನೀರೆತ್ತಿ ಬೆಳೆದರು. ಅದು ನಡೆದದ್ದು ಒಪ್ಪಿ ಬಂದವರು ಒಪ್ಪಿ ದುಡಿದುದರಿಂದ. ಬೇಡವಾದವನಿಗೆ ಆಶ್ರಮದ ಬಾಗಿಲು ತೆರೆದೇ ಇತ್ತು. ಜೀತದ ಮನೆಯಲ್ಲಿ ಇಲ್ಲದುದು ಆ ತೆರೆದ ಬಾಗಿಲೇ.

ಆದುದರಿಂದ ನನ್ನ ಉತ್ತರವಿಷ್ಟು. ಹಣವಿಲ್ಲದೆಯೂ ಜನರು ದುಡಿಯುತ್ತಾರೆ, ದುಡಿದಿದ್ದಾರೆ. ಆದರೆ ಒಲ್ಲೆನೆನ್ನುವ ಹಕ್ಕು ಎಲ್ಲರಿಗೂ ಇತ್ತೇ ಎಂಬ ಪ್ರಶ್ನೆಯನ್ನು ಅದಕ್ಕಿಂತ ಮೊದಲು ಕೇಳಬೇಕು. ಭೂಮಿಯೋ, ಕುಶಲತೆಯೋ, ಸಂಘಬಲವೋ ಇದ್ದವನಿಗೆ ಮುಯ್ಯಿಯು ಬಾಂಧವ್ಯವಾಗುತ್ತದೆ. ಏನೂ ಇಲ್ಲದವನಿಗೆ ಅದು ಬಿಟ್ಟಿಯಾಗಿ ಮಾರ್ಪಡಲು ಹೆಚ್ಚು ಕಾಲ ಬೇಕಾಗದು.

ಈ ಭಾಗದ ಹಳೆಯ ಮನೆಗಳ ಕಡತಗಳಲ್ಲಿ ಆಳುಗಳ ಲೆಕ್ಕ, ಭತ್ತದ ಲೆಕ್ಕ, ಸಾಲದ ಪತ್ರಗಳು ಗೆದ್ದಲಿಗೆ ಆಹಾರವಾಗುತ್ತಿವೆ. ದೇವಾಲಯ, ಬಸದಿಗಳ ದಾನಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಇವನ್ನೂ ಓದಬೇಕಾಗಿದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅಂತಹ ಪುಸ್ತಕಗಳಿದ್ದರೆ ದಯಮಾಡಿ ಕಾಪಾಡಿರಿ. ಮುಯ್ಯಾಳಿಗೆ ಹೋದವರನ್ನೂ ಜೀತಕ್ಕೆ ದುಡಿದವರನ್ನೂ ಅವರು ನಮ್ಮೊಂದಿಗಿರುವಾಗಲೇ ಕೇಳಿ ಬರೆದಿಡಿರಿ.