ಅಂಗೈ ಬಲ್ಲ ನೆಲ

ದೀಪಾವಳಿ ಮುಗಿದು ಮೂಡಗಾಳಿ ಬೀಸತೊಡಗಿತೆಂದರೆ ರೋಣ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆಗೆ ಸುಗ್ಗಿಯ ಆಸೆ. ಆ ಬೆಳೆಗಳು ಚಳಿಯನ್ನೇ ಉಂಡು ಬೆಳೆಯುತ್ತವೆ. ಅದೇ ಚಳಿ ನಮ್ಮ ಹಳೆಯ ಮೇಲ್ಮುದ್ದೆ ಮನೆಯೊಳಗೆ ನುಗ್ಗಿದರೆ ಅವ್ವನ ಮೊಣಕಾಲು ಹಿಡಿದುಕೊಳ್ಳುತ್ತವೆ.

ಮೊದಲು ಹೀಗಿರಲಿಲ್ಲ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ರಾತ್ರಿ ಮೆಲ್ಲಗೆ ಬಿಟ್ಟುಕೊಡುತ್ತಿತ್ತು. ತಲಬಾಗಿಲು ದಾಟಿದೊಡನೆ ದಂದಕ್ಕಿ. ಅಲ್ಲಿ ಕಟ್ಟಿದ ಎತ್ತುಗಳ ಉಸಿರಿನ ಬಿಸಿ ಪಡಸಾಲೆಗೂ ಬರುತ್ತಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಸಾರಿಸುವ ಕೆಲಸ ತಪ್ಪಲೆಂದು ಮಣ್ಣಿನ ನೆಲಕ್ಕೆ ಟೈಲ್ಸ್ ಹಾಕಿಸಿದೆವು. ಆ ವರ್ಷವೇ ಮನೆ ತಣ್ಣಗಾಯಿತು. ಟೈಲ್ಸ್ ಮಣ್ಣಿಗಿಂತ ಬಹಳ ತಣ್ಣಗಿರುತ್ತದೆಂದಲ್ಲ. ಅಂಗಾಲಿನ ಬಿಸಿಯನ್ನು ಅದು ಬೇಗ ಎಳೆದುಕೊಳ್ಳುತ್ತದೆ. ಮಣ್ಣಿನ ನೆಲ ಒಳಗಿನ ತೇವವನ್ನು ಆರಲು ಬಿಡುತ್ತಿತ್ತು; ಈಗ ಅದೇ ತೇವ ಗೋಡೆಯ ಬುಡ ಹಿಡಿದು ಮೇಲೇರುತ್ತದೆ.

ನೆಲದ ತಂಪನ್ನು ಎಲ್ಲರೂ ಬೇಡವೆನ್ನುವುದಿಲ್ಲ. ಗಜೇಂದ್ರಗಡದ ನೇಕಾರರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಾರೆ. ಕುಣಿಯ ಮಣ್ಣಿನ ತೇವಕ್ಕೆ ಹತ್ತಿಯ ನೂಲು ಒಣಗಿ ಕಡಿಯುವುದಿಲ್ಲ. ನರಗುಂದದಲ್ಲಿ ಅದೇ ತೇವ ಭಯ ಹುಟ್ಟಿಸಿದೆ. ಹಿಂದೆ ಜೋಳ ಕಾಪಿಡಲು ತೋಡಿದ್ದ ಹಗೇವುಗಳು ಆ ಊರಿನ ನೆಲದಡಿ ಮರೆತುಹೋಗಿವೆ. ಮಲಪ್ರಭಾ ಕಾಲುವೆಯ ನೀರು ಬಂದ ಮೇಲೆ ಅಂತರ್ಜಲ ಮೇಲೇರಿತು. ಎಷ್ಟೋ ಮನೆಗಳಲ್ಲಿ ನೆಲ ಕುಸಿದದ್ದನ್ನು ಜನ ಕಂಡಿದ್ದಾರೆ. ಅಂಥ ಕಡೆ ತಣ್ಣಗಿನ ನೆಲದ ಮೇಲೆ ಹಾಸಿಗೆ ಹಾಸಿ ಸುಮ್ಮನಿರಲಾಗದು. ಕೆಳಗೇನಿದೆ ಎಂದು ಮೊದಲು ನೋಡಬೇಕು.

ನಮ್ಮ ಆಯಿಗೆ ಇದು ಗೊತ್ತಿತ್ತು. ಸಗಣಿ ಹಾಕಿ ಸಾರಿಸುತ್ತ ಹಿಂದೆ ಹಿಂದೆ ಸರಿಯುವಾಗ ಅವಳ ಅಂಗೈ ಒಂದು ಮೂಲೆಯಲ್ಲಿ ನಿಂತುಬಿಡುತ್ತಿತ್ತು. “ಇಲ್ಲಿ ಹಸಿ ಐತಿ. ಬಚ್ಚಲ ನೀರು ಒಳಗ ಬರಾಕತ್ತೈತಿ” ಅನ್ನುವಳು. ಅಗೆದು ನೋಡಿದರೆ ಅವಳ ಮಾತು ಸುಳ್ಳಾಗುತ್ತಿರಲಿಲ್ಲ. ಗಾಳಿಯ ದಾರಿ ಹುಡುಕಲು ಹಣತೆ ಹಿಡಿದು ಬಾಗಿಲಗುಂಟ ನಡೆಯುವಳು. ಕುಡಿ ವಾಲಿದಲ್ಲಿ ಕೈ ಇಟ್ಟು, “ಗಾಳಿ ಎಲ್ಲಿಂದ ಬರತೈತಿ ಅನ್ನೋದನ್ನ ದೀಪ ಹೇಳತೈತಿ” ಎನ್ನುವಳು. ಒಣಹವೆಗೆ ಕುಗ್ಗಿದ ಹಲಗೆಗಳ ಸಂದಿಗೆ ಅರಿವೆ ತುರುಕುವುದು, ಹೊಸ್ತಿಲಿಗೆ ಹೊಟ್ಟು ತುಂಬಿದ ಉದ್ದನೆಯ ಚೀಲ ಒತ್ತಿಡುವುದು, ಅಷ್ಟೇ ಅವಳ ಮದ್ದು. ಬೆಳಕಿಂಡಿಯನ್ನು ಮಾತ್ರ ಪೂರಾ ಮುಚ್ಚಲು ಬಿಡುತ್ತಿರಲಿಲ್ಲ. ಒಲೆಯ ಹೊಗೆ ಹೋಗಬೇಕಲ್ಲ.

ಈ ಚಳಿಗೆ ನಾನೂ ಹಾಗೇ ಮಾಡಿದೆ. ಹಣತೆ ಹಿಡಿದು ನಡೆದು ಸಂದಿ ಮುಚ್ಚಿದೆ. ಅವ್ವ ಕೂರುವಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ನವಲಗುಂದದ ಜಮಖಾನೆ ಹಾಕಿದೆ. ಅದನ್ನು ನೇಯುವವರು ಹೆಣ್ಣುಮಕ್ಕಳು. ಅವರು ಬಿಗಿಯಾಗಿ ಬಡಿದು ಕೂರಿಸಿದ ಹತ್ತಿಯ ನೂಲು ನೆಲದ ಚಳಿಯನ್ನು ಮೇಲೆ ಬರಗೊಡುವುದಿಲ್ಲ. ಹೊದೆಯಲು ಆಯಿ ಹೊಲಿದ ಕೌದಿ ಇದ್ದೇ ಇದೆ.

ಇಷ್ಟು ಮಾಡುವಾಗ ಬಹಳ ವರ್ಷಗಳ ಮೇಲೆ ನಮ್ಮ ನೆಲಕ್ಕೆ ನನ್ನ ಅಂಗೈ ತಾಗಿತು. ಬಚ್ಚಲ ಕಡೆಯ ಮೂಲೆ ಉಳಿದೆಲ್ಲ ನೆಲಕ್ಕಿಂತ ತಣ್ಣಗಿತ್ತು. ನಾಳೆ ಆ ಮೂಲೆಯ ಎರಡು ಟೈಲ್ಸ್ ಕೀಳಿಸಿ ನೋಡಬೇಕು.